ಮರೆವಿನ ಕಾಯಿಲೆ ಇರುವ ಅಮ್ಮನಿಗೆ ಸೊಂಟದ ಕೀಲಿನ ಆಪರೇಷನ್: ಮಾಡಿಸಲಾ, ಬೇಡವಾ?

ಡೊಂಬಿವಲಿ ಮಗಳು (ಮಂಗಳವಾರ ರಾತ್ರಿ 11.10)

ಎಲ್ಲರಿಗೂ ನಮಸ್ಕಾರ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಮ್ಮನಿಗೆ 81 ವರ್ಷ. ಕುಂದಾಪುರದ ಕಡೆಯವರು, ಆರು ವರ್ಷದಿಂದ ನಮ್ಮ ಜೊತೆ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದಾರೆ. ನಾಲ್ಕು ವರ್ಷದಿಂದ ಆಲ್ಝೈಮರ್ಸ್. ನನ್ನನ್ನು ಒಮ್ಮೊಮ್ಮೆ ತಂಗಿ ಅಂದುಕೊಳ್ಳುತ್ತಾರೆ. ಆದರೆ ನಿನ್ನೆಯವರೆಗೂ ಮನೆಯೊಳಗೆ ತಾವೇ ಓಡಾಡುತ್ತಿದ್ದರು, ತಾವೇ ಕಲಸಿ ಊಟ ಮಾಡುತ್ತಿದ್ದರು.

ಇವತ್ತು ಬೆಳಗಿನ ಜಾವ ಅಂಗಳಕ್ಕೆ ರಂಗೋಲಿ ಹಾಕಬೇಕು ಅಂತ ಎದ್ದಿದ್ದಾರೆ. ಇಲ್ಲಿ ಅಂಗಳ ಎಲ್ಲಿದೆ? ಬಾಲ್ಕನಿ ಬಾಗಿಲ ಹತ್ತಿರ ಬಿದ್ದರು. ಎಡಗಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿತ್ತು. ತೊಡೆಮೂಳೆಯ ಕುತ್ತಿಗೆ (ಸೊಂಟದ ಕೀಲಿನ ಹತ್ತಿರದ ಭಾಗ) ಮುರಿದು ಸರಿದಿದೆ ಅಂತ ಎಕ್ಸ್‌ರೇಯಲ್ಲಿ ಬಂತು. ಡಾಕ್ಟರ್ "ನಾಳೆಯೇ ಬೈಪೋಲಾರ್ ಹಾಕೋಣ" ಅಂದರು. ಬೈಪೋಲಾರ್ ಅಂದರೆ ಮನಸ್ಸಿನ ಕಾಯಿಲೆ ಅಲ್ವಾ? ಮೂಳೆಗೂ ಅದಕ್ಕೂ ಏನು ಸಂಬಂಧ ಅಂತ ಕೇಳುವಷ್ಟರಲ್ಲಿ ಅವರು ಹೊರಟೇ ಹೋಗಿದ್ದರು.

ಬೆಂಗಳೂರಿನಿಂದ ಅಣ್ಣ ಫೋನ್ ಮಾಡಿ, "ಅಮ್ಮನಿಗೆ ಏನೂ ನೆನಪಿರಲ್ಲ, ವ್ಯಾಯಾಮ ಯಾರು ಮಾಡಿಸ್ತಾರೆ? ಈ ವಯಸ್ಸಿನಲ್ಲಿ ಕೊಯ್ಯಿಸಬೇಡ" ಅನ್ನುತ್ತಿದ್ದಾನೆ. ಬೆಳಿಗ್ಗೆ ಎಂಟಕ್ಕೆ ಸಹಿ ಹಾಕಬೇಕು. ಅನುಭವ ಇದ್ದವರು ದಯವಿಟ್ಟು ಹೇಳಿ.

ನಿವೃತ್ತ ಸಿಸ್ಟರ್ (ರಾತ್ರಿ 11.32)

ಮೊದಲು ಗಾಬರಿ ಬಿಡಮ್ಮ. ಇಲ್ಲಿ ಬೈಪೋಲಾರ್ ಅನ್ನೋದು ಕೀಲಿನ ಹೆಸರು. ಸೊಂಟದ ಕೀಲಿನಲ್ಲಿ ಒಂದು ಗುಂಡು, ಒಂದು ಬಟ್ಟಲು ಇರುತ್ತವೆ. ಮುರಿದ ಗುಂಡನ್ನು ಮಾತ್ರ ತೆಗೆದು ಲೋಹದ್ದು ಹಾಕುತ್ತಾರೆ, ಬಟ್ಟಲು ಅಮ್ಮನದೇ ಇರುತ್ತೆ. ಹಾಗಾಗಿ ಇದು ಅರ್ಧ ಬದಲಾವಣೆ. ಎರಡನ್ನೂ ಬದಲಿಸಿದರೆ ಪೂರ್ತಿ ಹಿಪ್ ರಿಪ್ಲೇಸ್‌ಮೆಂಟ್. ವಯಸ್ಸಾಗಿ, ಮರೆವಿದ್ದು, ಮನೆಯೊಳಗಷ್ಟೇ ಓಡಾಡುವವರಿಗೆ ಸಾಮಾನ್ಯವಾಗಿ ಅರ್ಧವೇ ಸಾಕು ಅನ್ನುತ್ತಾರೆ. ಆಪರೇಷನ್ ಬೇಗ ಮುಗಿಯುತ್ತೆ, ಕೀಲು ತಪ್ಪುವ ಭಯವೂ ಕಡಿಮೆ.

ನಾನು 31 ವರ್ಷ ಮುಂಬಯಿಯ ಮೂಳೆ ವಾರ್ಡುಗಳಲ್ಲಿ ಕೆಲಸ ಮಾಡಿದವಳು. ಬೆಳಿಗ್ಗೆ ಅನಸ್ತೇಶಿಯಾ ಡಾಕ್ಟರಿಗೆ ಅಮ್ಮನ ಎಲ್ಲ ಗುಳಿಗೆಗಳ ಪಟ್ಟಿ ಕೊಡು. ಮರೆವಿಗೆ ಡೊನೆಪೆಜಿಲ್ ತಗೊಳ್ಳುತ್ತಿದ್ದರೆ ಅದನ್ನು ಬಾಯಿಬಿಟ್ಟು ಹೇಳು, ಮಂಪರಿನ ಒಂದು ಇಂಜೆಕ್ಷನ್ ಅದರ ಜೊತೆ ಹೆಚ್ಚು ಹೊತ್ತು ಕೆಲಸ ಮಾಡುತ್ತೆ. ತೊಡೆಸಂದಿನ ಹತ್ತಿರ ನರಕ್ಕೆ ಬ್ಲಾಕ್, ಅಂದರೆ ಆ ಜಾಗ ಮರಗಟ್ಟಿಸುವ ಇಂಜೆಕ್ಷನ್, ಕೊಡುತ್ತೀರಾ ಅಂತಲೂ ಕೇಳು. ಅದರಿಂದ ನೋವು ಚೆನ್ನಾಗಿ ಇಳಿಯುತ್ತೆ, ತಲೆ ಮಂಕು ಮಾಡುವ ನೋವಿನ ಮದ್ದು ಕಡಿಮೆ ಸಾಕಾಗುತ್ತೆ. ಕನ್ನಡಕ, ಕಿವಿಯ ಮೆಷೀನು ಇದ್ದರೆ ಮನೆಯಿಂದ ತರಿಸಿಬಿಡು.

ಅಣ್ಣನ ಮಾತಿಗೆ ನಾಳೆಯ ದಿನ ಕಳೆಯಬೇಡ. ಇಂಥ ಮುರಿತಕ್ಕೆ ಸೇರಿಸಿದ ದಿನ ಅಥವಾ ಮರುದಿನವೇ ಆಪರೇಷನ್ ಆಗಬೇಕು ಅನ್ನೋದು ಒಪ್ಪಿಕೊಂಡ ಪದ್ಧತಿ.

ಭಾಂಡುಪ್ ಶೆಟ್ರು (ರಾತ್ರಿ 11.40)

ಅಕ್ಕ, ಧೈರ್ಯ ತಗೊಳ್ಳಿ. ರಕ್ತ ಬೇಕಾದರೆ ಹೇಳಿ, ನಾವು ನಾಲ್ಕು ಜನ ಇದ್ದೇವೆ.

ಕಾಂದಿವಲಿ ರಾಯರು (ರಾತ್ರಿ 11.58)

ಬೇರೆ ಮಾತು ಹೇಳುತ್ತೇನೆ, ಬೇಸರ ಬೇಡ. ನಮ್ಮ ಅತ್ತೆಗೆ ಮೂರು ವರ್ಷದ ಹಿಂದೆ ಇದೇ ಆಯಿತು. ಆಪರೇಷನ್ ಮಾಡಿಸಿದೆವು. ಆಮೇಲೆ ಅವರು ಅವರಾಗಿ ಉಳಿಯಲಿಲ್ಲ. ರಾತ್ರಿಯಿಡೀ ಕಿರುಚಾಟ, ಸಲೈನ್ ಕಿತ್ತು ಹಾಕೋದು, ಕೈ ಕಟ್ಟಿ ಹಾಕಿದ್ದರು. ನಾಲ್ಕು ತಿಂಗಳಿಗೆ ಹೋದರು. ಅಷ್ಟು ನೋಯಿಸಿದ್ದು ಯಾಕೆ ಅಂತ ಇವತ್ತಿಗೂ ಅನ್ನಿಸುತ್ತೆ. ನೆಮ್ಮದಿಯಾಗಿ ಮಲಗಲು ಬಿಡಬೇಕಿತ್ತು.

ವಾಶಿ ಕಾಮತ್ (ಬುಧವಾರ 12.15)

ರಾಯರೇ, ನಿಮ್ಮ ಸಂಕಟ ಅರ್ಥವಾಗುತ್ತೆ. ಆದರೆ ನಾವು "ನೆಮ್ಮದಿಯಾಗಿ ಮಲಗಲು ಬಿಟ್ಟ"ವರು. ಅಪ್ಪನಿಗೆ ಆಪರೇಷನ್ ಬೇಡ ಅಂದೆವು. ಮಲಗಿದ್ದವರಿಗೆ ನೆಮ್ಮದಿ ಇರಲಿಲ್ಲ. ಡೈಪರ್ ಬದಲಿಸಲು ಮಗ್ಗುಲು ತಿರುಗಿಸಿದಾಗಲೆಲ್ಲ ಮುರಿದ ಮೂಳೆ ಒಳಗೆ ಉಜ್ಜುತ್ತೆ. ದಿನಕ್ಕೆ ಐದಾರು ಸಲ ಆ ಕೂಗು. ಕೆಳಗಿನ ಫ್ಲ್ಯಾಟಿನವರು ಮೇಲೆ ಬಂದು ಕೇಳುತ್ತಿದ್ದರು. ಮೂರನೇ ವಾರಕ್ಕೆ ಹಾಸಿಗೆ ಹುಣ್ಣು, ಆಮೇಲೆ ನ್ಯುಮೋನಿಯಾ. ಈ ಆಪರೇಷನ್ ಬರೀ ನಡೆಸಲಿಕ್ಕೆ ಅಂದುಕೊಂಡಿದ್ದೆವು. ನೋವು ಇಳಿಸಲಿಕ್ಕೂ ಅದೇ ದಾರಿ ಅಂತ ನಮಗೆ ಯಾರೂ ಹೇಳಲಿಲ್ಲ.

ನಿವೃತ್ತ ಸಿಸ್ಟರ್ (12.31)

ಇಬ್ಬರದ್ದೂ ನಿಜ. ಸೊಂಟ ಮುರಿದ ವಯಸ್ಸಾದವರಲ್ಲಿ ಆಪರೇಷನ್ ಆದರೂ ಐವರಲ್ಲಿ ಒಬ್ಬರಾದರೂ ವರ್ಷದೊಳಗೆ ಹೋಗುತ್ತಾರೆ. ಮರೆವಿದ್ದವರಲ್ಲಿ ಇನ್ನೂ ಜಾಸ್ತಿ. ಮೊದಲೇ ಹಾಸಿಗೆ ಹಿಡಿದು ಕೊನೆಯ ದಿನಗಳಲ್ಲಿ ಇರುವವರಿಗೆ, ಒಳ್ಳೆ ನೋವಿನ ಮದ್ದು ಕೊಟ್ಟು ಆಪರೇಷನ್ ಬಿಡೋದೂ ಸರಿಯಾದ ದಾರಿಯೇ. ಆದರೆ ನಿನ್ನೆ ತನಕ ನಡೆಯುತ್ತಿದ್ದವರಿಗೆ ಬೇಡ ಅನ್ನಲು ಮರೆವೊಂದೇ ಕಾರಣ ಆಗಬಾರದು.

ರಾಯರೇ, ನಿಮ್ಮ ಅತ್ತೆಗೆ ಆದದ್ದಕ್ಕೆ ಹಳಬರು ಸನ್ನಿ ಅನ್ನುತ್ತಿದ್ದರು. ಡಾಕ್ಟರು ಡಿಲಿರಿಯಂ ಅನ್ನುತ್ತಾರೆ. ಮರೆವು ವರ್ಷಗಟ್ಟಲೆ ಮೆಲ್ಲಗೆ ಬರುತ್ತೆ, ಸನ್ನಿ ಒಂದೇ ರಾತ್ರಿಯಲ್ಲಿ ಬರುತ್ತೆ. ನೋವು, ನೀರು ಸಾಲದ್ದು, ಮಲ ಕಟ್ಟಿದ್ದು, ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದದ್ದು, ನಿದ್ದೆ ಬರಿಸುವ ಅಲರ್ಜಿ ಗುಳಿಗೆ, ಹೀಗೆ ಹಿಂದೆ ಏನಾದರೂ ಇದ್ದೇ ಇರುತ್ತೆ. ಅದನ್ನು ಹುಡುಕಬೇಕು. ಕೈ ಕಟ್ಟಿದರೆ ಇನ್ನೂ ಕೆರಳುತ್ತಾರೆ. ಸದ್ದಿಲ್ಲದೆ ಮಂಕಾಗಿ ಮಲಗಿದವರಲ್ಲೂ ಸನ್ನಿ ಇರಬಹುದು. ಅವರನ್ನು "ಪಾಪ, ಶಾಂತವಾಗಿದ್ದಾರೆ" ಅಂತ ಬಿಟ್ಟುಬಿಡುತ್ತಾರೆ.

ಕಾಂದಿವಲಿ ರಾಯರು (12.40)

ಕೈ ಕಟ್ಟಿದ್ದು ತಪ್ಪು ಅಂತ ಆಗ ನಮಗೆ ಗೊತ್ತಿರಲಿಲ್ಲ ಸಿಸ್ಟರ್.

ಪಿಂಪ್ರಿ ತಮ್ಮ (ಬುಧವಾರ ಬೆಳಿಗ್ಗೆ 6.50)

ನನ್ನ ಅಣ್ಣನ ಕಥೆ ಸ್ವಲ್ಪ ಬೇರೆ. ಅವನಿಗೆ 39, ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್, ಬುದ್ಧಿ ಬೆಳವಣಿಗೆ ನಿಧಾನ. ಮೂಳೆ ಮುರಿದದ್ದಲ್ಲ, ಸೊಂಟದ ಕೀಲು ಸವೆದದ್ದು. ಡೌನ್ ಇದ್ದವರಿಗೆ ಕೀಲಿನ ಕಟ್ಟುಗಳು ಸಡಿಲ, ಬಟ್ಟಲೂ ಸರಿಯಾಗಿ ಕೂತಿರೋದಿಲ್ಲ. ಚಿಕ್ಕ ವಯಸ್ಸಿನಲ್ಲೇ ಕೀಲು ಹಾಳಾಗಬಹುದು. ಅಣ್ಣ ಯಾವತ್ತೂ "ನೋವು" ಅನ್ನಲಿಲ್ಲ. ಗಣಪತಿ ಮೆರವಣಿಗೆಗೆ ಮೊದಲು ಓಡುತ್ತಿದ್ದವನು ಆ ವರ್ಷ ಮೆಟ್ಟಿಲ ಮೇಲೆ ಕೂತ, ಇಳಿಯಲಿಲ್ಲ. ನಾವು ಹಟ ಅಂದುಕೊಂಡೆವು. ಬೈದೆವು ಕೂಡ. ಒಂದೂವರೆ ವರ್ಷ ಹಾಗೇ ಹೋಯಿತು.

ಮೊದಲು ತೋರಿಸಿದ ಡಾಕ್ಟರ್ ಎಕ್ಸ್‌ರೇ ನೋಡಿ, "ಇವರು ಹೇಳಿದ ಮಾತು ಕೇಳಲ್ಲ, ಕೀಲು ತಪ್ಪಿಸಿಕೊಳ್ಳುತ್ತಾರೆ, ಗಾಲಿಕುರ್ಚಿ ಕೊಡಿಸಿ" ಅಂದರು. ಅಮ್ಮ ಅಲ್ಲೇ ಅತ್ತುಬಿಟ್ಟರು. ಎರಡನೆಯವರು ಅಣ್ಣನ ಪಕ್ಕ ಸ್ಟೂಲ್ ಎಳೆದು ಕೂತು, ಅವನನ್ನೇ ಕೇಳಿದರು, "ಎಲ್ಲಿಗೆ ನಡೆದು ಹೋಗಬೇಕು ನಿಂಗೆ?" ಅವನು "ಬೇಕರಿ" ಅಂದ. ಅವರು ಹಾಕಿದ್ದು ಡ್ಯುಯಲ್ ಮೊಬಿಲಿಟಿ ಅನ್ನುವ ಕೀಲು. ಸಣ್ಣ ಗುಂಡು ಒಂದು ದೊಡ್ಡ ಪ್ಲಾಸ್ಟಿಕ್ ಗುಂಡಿನೊಳಗೆ ತಿರುಗುತ್ತೆ, ಆ ದೊಡ್ಡದು ಲೋಹದ ಬಟ್ಟಲಿನೊಳಗೆ ತಿರುಗುತ್ತೆ. ಬೇಗ ಜಾರಿ ಬರೋದಿಲ್ಲ. 1970ರ ದಶಕದಲ್ಲಿ ಫ್ರಾನ್ಸಿನ ಝಿಲ್ ಬುಸ್ಕೆ ಅನ್ನುವ ಸರ್ಜನ್ ಇದನ್ನು ಮಾಡಿದ್ದಂತೆ.

ಡೌನ್ ಇರುವವರ ಮನೆಯವರು ಗಮನಿಸಿ: ಆಪರೇಷನ್‌ಗೆ ಮೊದಲು ಕತ್ತಿನ ಎಲುಬುಗಳನ್ನು ನೋಡಿಸಿ. ಮೇಲಿನ ಎರಡು ಎಲುಬು ಸಡಿಲವಿದ್ದರೆ ಮಂಪರು ಕೊಡುವಾಗ ಕತ್ತು ಬಗ್ಗಿಸೋದು ಅಪಾಯ. ಥೈರಾಯ್ಡ್, ಹೃದಯ ಕೂಡ ನೋಡಿಸಿ. ಅಣ್ಣನ ಆಪರೇಷನ್ ಆಗಿ ಈಗ ಎರಡು ವರ್ಷ ಆಯಿತು. ಬೇಕರಿಗೆ ಅವನೇ ಹೋಗುತ್ತಾನೆ, ಖಾರಿ ತರುತ್ತಾನೆ.

ಕೋಥ್ರೂಡ್ ಗೃಹಿಣಿ (ಬೆಳಿಗ್ಗೆ 7.20)

ನಿಮ್ಮ ಅಣ್ಣನ ಆಪರೇಷನ್‌ಗೆ ಸಹಿ ಯಾರು ಹಾಕಿದ್ದು? ನನ್ನ ಮಗನಿಗೆ 22, ಬುದ್ಧಿ ಬೆಳವಣಿಗೆ ಕಡಿಮೆ. 18 ಆದ ಮೇಲೆ ತಂದೆ ತಾಯಿ ಸಹಿಗೂ ಬೆಲೆ ಇಲ್ಲ ಅಂತ ಯಾರೋ ಹೆದರಿಸಿದರು.

ಪಿಂಪ್ರಿ ತಮ್ಮ (ಬೆಳಿಗ್ಗೆ 7.45)

ಅಮ್ಮ ಹಾಕಿದ್ದು. ನಮ್ಮ ಹತ್ತಿರ ಗಾರ್ಡಿಯನ್ ಪತ್ರ ಇತ್ತು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಒಂದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಗಾರ್ಡಿಯನ್ ನೇಮಿಸುತ್ತೆ. ಕಲೆಕ್ಟರ್ ಆಫೀಸಿನಲ್ಲಿ ಕೇಳಿ. ಈಗಲೇ ಮಾಡಿಸಿಟ್ಟುಕೊಳ್ಳಿ ಅಕ್ಕ, ಆಸ್ಪತ್ರೆ ಬಾಗಿಲಲ್ಲಿ ನಿಂತು ಓಡಾಡಲು ಆಗಲ್ಲ. ಅದೇ ಟ್ರಸ್ಟಿನ ನಿರಾಮಯ ವಿಮೆ 1 ಲಕ್ಷದವರೆಗೆ ಇದೆ. ಮೊದಲೇ ಕಾಯಿಲೆ ಇದೆಯಾ ಅಂತ ಪರೀಕ್ಷೆ ಮಾಡೋದಿಲ್ಲ.

ಆದರೆ ಮರೆವಿನ ಕಾಯಿಲೆ ಈ ಕಾಯ್ದೆಯಲ್ಲಿ ಬರೋದಿಲ್ಲ. ಅಲ್ಲಿ ಆಸ್ಪತ್ರೆಯವರು ಗಂಡ, ಹೆಂಡತಿ, ಮಕ್ಕಳ ಸಹಿಯನ್ನೇ ತಗೊಳ್ಳುತ್ತಾರೆ.

ಡೊಂಬಿವಲಿ ಮಗಳು (ಬೆಳಿಗ್ಗೆ 8.05)

ಸಹಿ ಹಾಕಿದೆ. ಅಣ್ಣನಿಗೆ ಕಾಮತ್ ಅವರು ಬರೆದದ್ದನ್ನು ಕಳಿಸಿದೆ, ಅವನು ಸುಮ್ಮನಾದ. ಸಂಜೆ ವಿಮಾನಕ್ಕೆ ಬರುತ್ತಾನಂತೆ. ಅಮ್ಮನನ್ನು ಹನ್ನೊಂದಕ್ಕೆ ಒಳಗೆ ಕರೆದೊಯ್ಯುತ್ತಾರೆ. ಬೆನ್ನಿಗೆ ಇಂಜೆಕ್ಷನ್ನಾ, ಪೂರ್ತಿ ಮಂಪರಾ ಅಂತ ಇನ್ನೂ ಹೇಳಿಲ್ಲ. ಯಾವುದು ಒಳ್ಳೆಯದು?

ನಿವೃತ್ತ ಸಿಸ್ಟರ್ (ಬೆಳಿಗ್ಗೆ 8.12)

ಅದನ್ನು ಡಾಕ್ಟರಿಗೆ ಬಿಡು. ಬೆನ್ನಿಗೆ ಕೊಟ್ಟರೆ ಸನ್ನಿ ಕಡಿಮೆ ಅಂತ ನಾವೆಲ್ಲ ನಂಬಿದ್ದೆವು. ಅಮೆರಿಕ, ಕೆನಡಾದಲ್ಲಿ 1600 ಜನರ ಮೇಲೆ ರೀಗೇನ್ ಅನ್ನುವ ಪರೀಕ್ಷೆ ಮಾಡಿ ನೋಡಿದರು, 2021ರಲ್ಲಿ ಫಲಿತಾಂಶ ಬಂತು, ಸನ್ನಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಕಾಣಲಿಲ್ಲ. ಅಮ್ಮನ ಕೈ ಹಿಡಿದುಕೋ, ಬಾಗಿಲ ತನಕ ಮಾತಾಡುತ್ತಾ ಹೋಗು.

ವಾಸ್ಕೋ ಬಾಗಲಕೋಟಿ (ಬುಧವಾರ ಮಧ್ಯಾಹ್ನ 1.30)

ನಮ್ಮ ಕಾಕಾಗೆ ನಿಜವಾಗಿಯೂ ಬೈಪೋಲಾರ್ ಮನೋರೋಗ ಇದೆ. ಸೊಂಟಕ್ಕೆ ಹಾಕಿದ ಕೀಲೂ ಬೈಪೋಲಾರೇ. ಡಾಕ್ಟರು ಫೈಲ್ ಓದುವಾಗ ನಾವು ಎರಡೆರಡು ಸಲ ಕೇಳುತ್ತಿದ್ದೆವು, ಈಗ ಯಾವುದರ ಮಾತು ಅಂತ.

ಆಪರೇಷನ್ ಚೆನ್ನಾಗಿಯೇ ಆಯಿತು. ನಾಲ್ಕನೇ ದಿನ ಕಾಕಾನ ಕೈ ನಡುಗಲು ಶುರುವಾಯಿತು. ನಾಲಿಗೆ ತೊದಲು, ವಾಂತಿ, ಹುಚ್ಚುಚ್ಚು ಮಾತು. ವಾರ್ಡಿನಲ್ಲಿ "ಹಳೇ ರೋಗ ಮರುಕಳಿಸಿದೆ" ಅಂತ ಮಂಚದ ಪಕ್ಕ ಬರಲೂ ಹೆದರಿದರು. ಆಸ್ಪತ್ರೆ ಹೆಸರು ಬೇಡ. ಕಾಕಿ ಓದಿದವರಲ್ಲ, ಆದರೆ 30 ವರ್ಷ ಆ ರೋಗ ನೋಡಿದವರು. "ಇದು ಅದಲ್ಲ. ಅದು ಬಂದಾಗ ಇವರು ನಿದ್ದೆ ಬಿಟ್ಟು ಹಾಡುತ್ತಾರೆ, ನಡುಗೋದಿಲ್ಲ" ಅಂತ ಪಟ್ಟು ಹಿಡಿದರು. ಕೊನೆಗೆ ಮನೋವೈದ್ಯರಿಗೆ ಫೋನ್ ಹಚ್ಚಿದೆವು. ಅವರು ಮೊದಲು ಕೇಳಿದ್ದೇ "ನೋವಿಗೆ ಏನು ಕೊಡುತ್ತಿದ್ದಾರೆ?" ಕಾಕಾ ಲಿಥಿಯಂ ತಗೊಳ್ಳುತ್ತಾರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ನೋವಿನ ಗುಳಿಗೆ ಜೊತೆ ಸೇರಿದರೆ ಲಿಥಿಯಂ ಮೈಯಲ್ಲಿ ಏರಿ ವಿಷವಾಗಬಹುದು. ರಕ್ತ ಪರೀಕ್ಷೆಯಲ್ಲಿ ಅದೇ ಬಂತು. ಗುಳಿಗೆ ನಿಲ್ಲಿಸಿ ಸಲೈನ್ ಹಾಕಿದ ಮೇಲೆ ಇಳಿಯಿತು.

ಮನಸ್ಸಿನ ಕಾಯಿಲೆ ಇದೆ ಅಂದ ಕೂಡಲೇ ಎಲ್ಲವನ್ನೂ ಅದರ ತಲೆಗೇ ಕಟ್ಟುತ್ತಾರೆ. ಸಿಟ್ಟು ಬರುತ್ತೆ.

ಪಿಂಪ್ರಿ ತಮ್ಮ (ಮಧ್ಯಾಹ್ನ 1.50)

ನಮ್ಮದೂ ಅದೇ. ಹಟ ಅಂದೆವು, ಅದು ಕೀಲು.

ಡೊಂಬಿವಲಿ ಮಗಳು (ಶುಕ್ರವಾರ ರಾತ್ರಿ 10.05)

ಎರಡು ದಿನ ಬರೆಯಲು ಆಗಲಿಲ್ಲ. ಆಪರೇಷನ್ ಆಯಿತು. ಗುರುವಾರ ಬೆಳಿಗ್ಗೆಯೇ ಇಬ್ಬರು ಹಿಡಿದು ನಿಲ್ಲಿಸಿದರು. ನಿಂತರು!

ಆದರೆ ಒಂದು ವಿಷಯ ಹೇಳಲೇಬೇಕು. ಬುಧವಾರ ರಾತ್ರಿ ನನ್ನನ್ನು ಒಳಗೆ ಬಿಡಲಿಲ್ಲ. ಅಮ್ಮನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು, ಮರಾಠಿಯೂ ಅಷ್ಟಿಷ್ಟು. ಮರೆವು ಶುರುವಾದ ಮೇಲೆ ಕೊನೆಗೆ ಕಲಿತ ಭಾಷೆಯೇ ಮೊದಲು ಹೋಯಿತು. ಈಗ ಉಳಿದದ್ದು ಕುಂದಾಪುರದ ಕನ್ನಡ ಮಾತ್ರ. ರಾತ್ರಿಯೆಲ್ಲ "ನೋವು, ನೋವು" ಅಂದಿದ್ದಾರೆ. ಡ್ಯೂಟಿಯಲ್ಲಿದ್ದ ಮಾವಶಿಗೆ (ಇಲ್ಲಿ ವಾರ್ಡಿನ ಆಯಾಳನ್ನು ಹಾಗೆ ಕರೆಯುತ್ತಾರೆ) ಅದು "ನಾವ್" ಅಂತ ಕೇಳಿದೆ. ಮರಾಠಿಯಲ್ಲಿ ನಾವ್ ಅಂದರೆ ಹೆಸರು. ಅಜ್ಜಿ ತನ್ನ ಹೆಸರು ಕೇಳುತ್ತಿದ್ದಾರೆ ಅಂದುಕೊಂಡು ಪ್ರತಿ ಸಲವೂ ಬಂದು ಕೆನ್ನೆ ಸವರಿ ತನ್ನ ಹೆಸರು ಹೇಳಿ ಹೋಗಿದ್ದಾಳೆ. ಬೆಳಿಗ್ಗೆ ನನಗೆ ಅವಳೇ ಪ್ರೀತಿಯಿಂದ ಹೇಳಿದಳು, "ಆಜಿ ರಾತ್ರಿಯಿಡೀ ನನ್ನ ಹೆಸರು ಕೇಳ್ತಿದ್ರು" ಅಂತ. ಪಾಪ, ಅವಳದ್ದು ಏನೂ ತಪ್ಪಿಲ್ಲ. ನಾನು ಬಾತ್‌ರೂಮಿಗೆ ಹೋಗಿ ಅತ್ತು ಬಂದೆ. ಒಂಬತ್ತು ಗಂಟೆ ನೋವಿನಲ್ಲೇ ಮಲಗಿದ್ದರು.

ವಾಶಿ ಕಾಮತ್ (ರಾತ್ರಿ 10.11)

ಅಯ್ಯೋ ದೇವರೇ.

ಮಾಟುಂಗಾ ಮೇಷ್ಟ್ರು (ರಾತ್ರಿ 10.30)

ನಮ್ಮ ತಂದೆ "ಬೇಡ, ಬೇಡ" ಅಂದದ್ದು ಮರಾಠಿಯವರಿಗೆ "ವೇಡಾ" ಅಂತ ಕೇಳಿ, ನನ್ನನ್ನು ಹುಚ್ಚ ಅಂತಾರೆ ಎಂದು ವಾರ್ಡ್ ಬಾಯ್ ಮುನಿಸಿಕೊಂಡಿದ್ದ. ಆಮೇಲೆ ಒಂದು ಕಾಗದದಲ್ಲಿ ಹದಿನೈದು ಮಾತು ದೇವನಾಗರಿಯಲ್ಲಿ ಬರೆದು, ಎದುರಿಗೆ ಮರಾಠಿ ಅರ್ಥ ಹಾಕಿ, ಮಂಚದ ತಲೆಯ ಕಡೆ ಅಂಟಿಸಿದೆ. ನೋವು, ನೀರು, ಉಚ್ಚೆ, ಚಳಿ, ಸೆಕೆ, ಹಸಿವು, ಬೇಡ, ಸಾಕು. ಎರಡೇ ದಿನಕ್ಕೆ ಸಿಸ್ಟರುಗಳು "ನೋವು ಇದೆಯಾ ಬಾಬಾ?" ಅಂತ ಕನ್ನಡದಲ್ಲೇ ಕೇಳುತ್ತಿದ್ದರು.

ಭಾಂಡುಪ್ ಶೆಟ್ರು (ರಾತ್ರಿ 10.44)

ಮೇಷ್ಟ್ರೇ, ನಮ್ಮ ಕಡೆಯವರಿಗೆ ಆ ಕಾಗದ ಸಾಲದು. ನನ್ನ ಅಜ್ಜಿ ಕೊನೆಗೆ ತುಳು ಬಿಟ್ಟು ಬೇರೆ ಆಡಲೇ ಇಲ್ಲ. "ಬೇನೆ" ಅನ್ನುತ್ತಿದ್ದರು.

ವಾಸ್ಕೋ ಬಾಗಲಕೋಟಿ (ರಾತ್ರಿ 10.50)

ನಮ್ಮ ಕಡೆಯೂ "ಬ್ಯಾನಿ" ಅಂತೀವಿ. ಅವರವರ ಮನೆಯ ಮಾತನ್ನೇ ಬರೆಯಬೇಕು. ಪುಸ್ತಕದ ಕನ್ನಡ ಅಲ್ಲಿ ನಡೆಯೋದಿಲ್ಲ.

ಮಾಟುಂಗಾ ಮೇಷ್ಟ್ರು (ರಾತ್ರಿ 10.58)

ಸರಿ, ಒಪ್ಪಿದೆ. ನಮ್ಮ ಕನ್ನಡ ಸಂಘಗಳಿಗೆ ಇದೊಂದು ಕೆಲಸ ಹಚ್ಚಬೇಕು. ನಾಟಕ, ಸನ್ಮಾನ ಎಲ್ಲ ಇರಲಿ. ಆಸ್ಪತ್ರೆಯಲ್ಲಿ ರಾತ್ರಿ ಕೂರಲು ಕನ್ನಡ, ತುಳು ಬರುವ ಹತ್ತು ಜನರ ಪಟ್ಟಿ ಇದ್ದರೆ ಎಷ್ಟು ಉಪಕಾರ ಅಲ್ವಾ?

ಕಾಂದಿವಲಿ ರಾಯರು (ರಾತ್ರಿ 11.02)

ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಳ್ಳಿ. ನಾನು ನಿವೃತ್ತ, ರಾತ್ರಿ ನಿದ್ದೆಯೂ ಕಡಿಮೆ.

ನಿವೃತ್ತ ಸಿಸ್ಟರ್ (ಶನಿವಾರ ಬೆಳಿಗ್ಗೆ 6.15)

ಮಾತೇ ಹೋದವರಿಗೂ ನೋವು ಅಳೆಯಬಹುದು. ಪೇನ್ಯಾಡ್ ಅನ್ನುವ ಪಟ್ಟಿ ಇದೆ. ಉಸಿರಾಟ, ನರಳುವ ಸದ್ದು, ಮುಖ, ಮೈ ಬಿಗಿ, ಸಮಾಧಾನ ಮಾಡಿದರೆ ಸುಮ್ಮನಾಗುತ್ತಾರಾ ಅನ್ನೋದು. ಒಂದೊಂದಕ್ಕೆ 0ಯಿಂದ 2, ಒಟ್ಟು 10. ಸಿಸ್ಟರಿಗೆ ಕೇಳಿ. ಮತ್ತೆ, ನೋವಿನ ಮದ್ದನ್ನು "ಕೇಳಿದಾಗ ಕೊಡಿ" ಅಂತ ಬರೆಸಬೇಡಿ. ಇವರು ಕೇಳೋದಿಲ್ಲ. ಗಂಟೆ ಹಾಕಿ ಬರೆಸಿ. ಮೂತ್ರದ ನಳಿಗೆ ಯಾವಾಗ ತೆಗೀತಾರೆ ಅಂತಲೂ ದಿನಾ ಕೇಳಿ.

ಚೆಂಬೂರ್ ಮಗ (ಶನಿವಾರ ಬೆಳಿಗ್ಗೆ 9.40)

ಮನೆಗೆ ಬಂದ ಮೇಲೂ ಹುಷಾರು. ಅಪ್ಪನಿಗೆ ಹಿಂದಿನಿಂದ ಕೊಯ್ದು ಪೂರ್ತಿ ಕೀಲು ಹಾಕಿದ್ದರು. ಕಾಲ ಮೇಲೆ ಕಾಲು ಹಾಕಬಾರದು, ತಗ್ಗಿನಲ್ಲಿ ಕೂರಬಾರದು, ಬಗ್ಗಬಾರದು ಅಂತ ಚೀಟಿ ಕೊಟ್ಟರು. ಮರೆವಿರುವ ಮನುಷ್ಯನಿಗೆ ಚೀಟಿ! ಹದಿನೇಳನೇ ದಿನ ಬಾತ್‌ರೂಮಿನ ನಲ್ಲಿ ಕೆಳಗೆ ಕುಕ್ಕರುಗಾಲಲ್ಲಿ ಕೂತು ಕಾಲು ತೊಳೆದಿದ್ದಾರೆ, 70 ವರ್ಷದ ಅಭ್ಯಾಸದಂತೆ. ಟಕ್ ಅಂತ ಸದ್ದು ನನಗೆ ಅಡುಗೆಮನೆಗೆ ಕೇಳಿತು. ಕಾಲು ಗಿಡ್ಡವಾಗಿ ಒಳಕ್ಕೆ ತಿರುಗಿತ್ತು. ಮತ್ತೆ ಮಂಪರು ಕೊಟ್ಟು ಕೂರಿಸಿದರು.

ಆಮೇಲೆ ನಾವು ಮನೆಯನ್ನೇ ಬದಲಿಸಿದೆವು. ತಗ್ಗಿನ ಸ್ಟೂಲು, ಮಣೆ ಎಲ್ಲ ಅಟ್ಟಕ್ಕೆ. ಆ ನಲ್ಲಿಯ ಹಿಡಿ ತೆಗೆಸಿ, ಎತ್ತರದಲ್ಲಿ ಶವರ್ ಪೈಪ್ ಹಾಕಿಸಿದೆವು. ಕಮೋಡಿಗೆ ಎತ್ತರದ ಸೀಟು. ಮಲಗುವಾಗ ಕಾಲುಗಳ ನಡುವೆ ದಿಂಬು. ತಗ್ಗಿನಲ್ಲಿ ಕೂರಲು ಜಾಗವೇ ಇಲ್ಲದ ಮೇಲೆ ನೆನಪಿಡುವ ಕೆಲಸವೂ ಇಲ್ಲ.

ಪುಣೆ ಫಿಸಿಯೋ (ಶನಿವಾರ ಬೆಳಿಗ್ಗೆ 10.20)

ಅರ್ಧ ಕೀಲು, ಪಕ್ಕದಿಂದ ಕೊಯ್ದಿದ್ದರೆ ಇಷ್ಟು ಭಯವಿಲ್ಲ. ನಿಮ್ಮ ಸರ್ಜನ್ ಯಾವ ಕಡೆಯಿಂದ ಮಾಡಿದ್ದಾರೆ ಅಂತ ಕೇಳಿಕೊಳ್ಳಿ, ನಿಯಮ ಅದರ ಮೇಲೆ ಹೋಗುತ್ತೆ.

ವ್ಯಾಯಾಮದ ಬಗ್ಗೆ ಒಂದು ಮಾತು. "ಕಾಲು ಹತ್ತು ಸಲ ಎತ್ತಿ" ಅಂದರೆ ಮರೆವಿನವರು ಮೂರನೆಯದಕ್ಕೆ ಮರೆತಿರುತ್ತಾರೆ. ಮಾತು ಬಿಡಿ, ಕೆಲಸ ಕೊಡಿ. "ಬನ್ನಿ, ದೇವರಿಗೆ ಹೂ ಇಡೋಣ" ಅಂದರೆ ಹತ್ತು ಹೆಜ್ಜೆ ನಡೆಯುತ್ತಾರೆ. ಒಂದು ಸಲಕ್ಕೆ ಒಂದೇ ಮಾತು, ಒಬ್ಬರೇ ಹೇಳಬೇಕು. ನಾಲ್ಕು ಜನ ಸುತ್ತ ನಿಂತು "ಬಲಗಾಲು, ಎಡಗಾಲು" ಅಂದರೆ ಹೆದರಿ ನಿಂತುಬಿಡುತ್ತಾರೆ.

ಕೋಥ್ರೂಡ್ ಗೃಹಿಣಿ (ಶನಿವಾರ ಬೆಳಿಗ್ಗೆ 10.35)

ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ. 70 ದಾಟಿದವರಿಗೆ 2024ರ ಅಕ್ಟೋಬರ್ 29ರಿಂದ ಆಯುಷ್ಮಾನ್ ವಯ ವಂದನಾ ಕಾರ್ಡ್ ಇದೆ. ಆದಾಯ ಎಷ್ಟಿದ್ದರೂ ವರ್ಷಕ್ಕೆ 5 ಲಕ್ಷದವರೆಗೆ. ಆಧಾರ್ ಇದ್ದರೆ ಸಾಕು. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಅವರನ್ನು ಹಿಡಿಯಿರಿ. ಬೀಳುವ ಮೊದಲೇ ಕಾರ್ಡ್ ಮಾಡಿಸಿಡಿ.

ಡೊಂಬಿವಲಿ ಮಗಳು (ಮುಂದಿನ ಭಾನುವಾರ ಸಂಜೆ 5.30)

ಮನೆಗೆ ಬಂದು ಐದು ದಿನ ಆಯಿತು. ಆಸ್ಪತ್ರೆಯಲ್ಲಿ ಮೇಷ್ಟ್ರು ಹೇಳಿದಂಥ ಕಾಗದ ಅಂಟಿಸಿದ್ದೆ, ಕುಂದಾಪುರದ ಮಾತಿನಲ್ಲೇ. ಆ ಮಾವಶಿ ಅದನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡಳು. ಅಮ್ಮನಿಗೆ ಮೂರನೇ ರಾತ್ರಿ ಸನ್ನಿ ಬಂತು, ಸೀಲಿಂಗಿನಲ್ಲಿ ಹಾವು ಕಂಡಿತು. ಅಣ್ಣ ಪಕ್ಕದಲ್ಲಿದ್ದ. ಕೈ ಕಟ್ಟಬೇಡಿ ಅಂತ ಅವನೇ ಜಗಳವಾಡಿದ. ಮಲ ಕಟ್ಟಿತ್ತು, ಅದು ಸರಿಯಾದ ಮೇಲೆ ಎರಡು ದಿನದಲ್ಲಿ ಇಳಿಯಿತು.

ಫಿಸಿಯೋ ಅವರೇ, ಊಟದ ಟೇಬಲ್ ಮೇಲೆ ಕಪ್ಪು ತಟ್ಟೆ ಇಟ್ಟು ರಂಗೋಲಿ ಪುಡಿ ಕೊಟ್ಟೆ. ಒಂದು ಕೈ ವಾಕರ್ ಮೇಲೆ, ನಾನು ಹಿಂದೆ. ಇವತ್ತು ಆರು ನಿಮಿಷ ನಿಂತು ಏಳು ಚುಕ್ಕಿಯದ್ದು ಹಾಕಿದರು. ಆಮೇಲೆ "ಇದ್ಯಾರ ಮನೆ?" ಅಂದರು.

ಪುಣೆ ಫಿಸಿಯೋ (ಸಂಜೆ 5.48)

ಆರು ನಿಮಿಷ ಬಹಳ ಒಳ್ಳೆಯದು. ನಾಳೆ ತಟ್ಟೆಯನ್ನು ಟೇಬಲಿನ ಆ ಕಡೆಗೆ ಇಡಿ, ನಾಲ್ಕು ಹೆಜ್ಜೆ ಜಾಸ್ತಿ ಆಗುತ್ತೆ.

ನಿವೃತ್ತ ಸಿಸ್ಟರ್ (ಸಂಜೆ 6.10)

ಮೂಳೆ ಗಟ್ಟಿಯಾಗುವ ಮದ್ದು ಬರೆದುಕೊಟ್ಟಿದ್ದಾರಾ? ಒಂದು ಸೊಂಟ ಮುರಿದವರಿಗೆ ಇನ್ನೊಂದೂ ಮುರಿಯುವ ಭಯ ಇರುತ್ತೆ. ವರ್ಷಕ್ಕೊಂದೇ ಸಲ ಸಲೈನ್‌ನಲ್ಲಿ ಕೊಡುವ ಝೋಲೆಡ್ರೋನಿಕ್ ಆಸಿಡ್ ಇದೆ, ದಿನಾ ಗುಳಿಗೆ ನುಂಗಿಸುವ ಪಾಡಿಲ್ಲ. ಮೊದಲು ಕಿಡ್ನಿ, ವಿಟಮಿನ್ ಡಿ ಪರೀಕ್ಷೆ ಆಗಬೇಕು.

ಡೊಂಬಿವಲಿ ಮಗಳು (ಸಂಜೆ 6.14)

ಇಲ್ಲ ಸಿಸ್ಟರ್, ಬರೀ ಕ್ಯಾಲ್ಸಿಯಂ ಕೊಟ್ಟಿದ್ದಾರೆ. ಬುಧವಾರ ಹೊಲಿಗೆ ಬಿಚ್ಚಲು ಹೋಗಬೇಕು, ಆಗ ಕೇಳುತ್ತೇನೆ.